ಅಂಗಳವೂ ಡೊಂಕಲ್ಲ, ನಾವೂ ಡೊಂಕಲ್ಲ

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಈ ಗಾದೆ ಕೇಳದ ಕನ್ನಡಿಗರು ಯಾರಿದ್ದಾರೆ? ತಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವರನ್ನು ಕಂಡಾಗಲೆಲ್ಲ ಹಿರಿಯರು ಇದನ್ನು ಹೇಳುತ್ತಾರೆ. ಆದರೆ ನಮ್ಮ ಹಾಸ್ಟೆಲಿನ ಕಾರಿಡಾರಿನಲ್ಲಿ, ಲ್ಯಾಬಿನ ಹೊರಗಿನ ಬೆಂಚಿನಲ್ಲಿ, ಇಂಟರ್ನಲ್ಸ್ ಮುಗಿದ ಸಂಜೆ ಕ್ಯಾಂಟೀನಿನಲ್ಲಿ ನಾವು ಹೆಚ್ಚಾಗಿ ಕೇಳೋದು ಇದರ ತಲೆಕೆಳಗಾದ ಮಾತು. ಇಲ್ಲಿ ಅಂಗಳವನ್ನು ಯಾರೂ ಬೈಯುವುದಿಲ್ಲ. "ಅಂಗಳ ಸರಿಯೇ ಉಂಟು ಮಾರಾಯ, ನಾನೇ ಡೊಂಕು" ಅನ್ನುತ್ತಾರೆ. "ನಂಗೆ ಕೋಡಿಂಗ್ ಬರಲ್ಲ." "ನನ್ನ ಇಂಗ್ಲಿಷ್ ಇಷ್ಟೇ." "ಮ್ಯಾಥ್ಸ್ ನನ್ನ ತಲೆಗೆ ಹತ್ತುವಂಥದ್ದಲ್ಲ."

ಇದು ವಿನಯದ ಹಾಗೆ ಕೇಳಿಸುತ್ತದೆ. ತಪ್ಪನ್ನು ತನ್ನ ಮೇಲೇ ಹಾಕಿಕೊಂಡರಲ್ಲ, ಒಳ್ಳೆಯದೇ ಅಲ್ವಾ ಅಂತಲೂ ಅನ್ನಿಸಬಹುದು. ಸ್ವಲ್ಪ ಹತ್ತಿರದಿಂದ ನೋಡಿದರೆ, ಅಂಗಳ ಡೊಂಕು ಅಂದವಳಿಗೂ ನಾನೇ ಡೊಂಕು ಅಂದವನಿಗೂ ಒಂದು ವಿಷಯ ಸಮಾನ. ಇಬ್ಬರೂ ಹೆಜ್ಜೆಯ ಕಡೆ ನೋಡಲಿಲ್ಲ. ಒಬ್ಬಳು ನೆಲ ನೋಡಿದಳು, ಇನ್ನೊಬ್ಬ ಕನ್ನಡಿ ನೋಡಿದ. ಡೊಂಕಾಗಿದ್ದದ್ದು ಹೆಜ್ಜೆ. ತಿದ್ದಲು ಆಗುವುದೂ ಅದೊಂದೇ.

ಈ ಸಲದ ಕಲಿಕೆಯ ಪಾಠ ಇದರ ಬಗ್ಗೆ. ಹೊಸದೇನನ್ನಾದರೂ ಕಲಿಯುವಾಗ ನಮ್ಮನ್ನು ನಾವೇ ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೊಟ್ಟುಕೊಳ್ಳುವ ಚಾಳಿಯನ್ನು ಬಿಡುವುದು ಹೇಗೆ? "ಪಾಸಿಟಿವ್ ಆಗಿ ಯೋಚಿಸಿ" ಎಂಬ ಪೋಸ್ಟರ್ ಮಾತು ನಮಗೆ ಬೇಡ. ಇದಕ್ಕೆ ಒಂದು ಹಳೆಯ, ಗಟ್ಟಿಯಾದ ವಿಧಾನ ನಮ್ಮ ಊರಿನಲ್ಲೇ ಉಂಟು.

ಮೂರು ವಾರ ಮತ್ತು ಒಂದು ಮಳೆಗಾಲ

ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಕಡೆಗೆ ಹೆದ್ದಾರಿ ಹಿಡಿದರೆ ಮುಂಡಾಜೆ ಸಿಗುತ್ತದೆ. ಘಾಟಿಯ ಬುಡ, ಅಡಿಕೆ ತೋಟಗಳು, ಮೃತ್ಯುಂಜಯ ಹೊಳೆ. ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ಚಿತ್ಪಾವನಿ, ಇನ್ನು ಕೆಲವು ಮನೆಗಳಲ್ಲಿ ಕೊಂಕಣಿ, ಮಲಯಾಳ. ನಮ್ಮ ಸಂಘದ ಒಬ್ಬ ಗೆಳೆಯ ಆ ಕಡೆಯವನು. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಚಿಕ್ಕಂದಿನಿಂದ ಯಕ್ಷಗಾನದ ಹೆಜ್ಜೆ ಕಲಿತವನು, ಊರಿನ ಹವ್ಯಾಸಿಗಳ ಆಟದಲ್ಲಿ ವೇಷ ಮಾಡಿದವನು.

ಮೊದಲ ಸೆಮಿಸ್ಟರಿನಲ್ಲಿ ಸಿ ಪ್ರೋಗ್ರಾಮಿಂಗ್ ಶುರುವಾಗಿ ಮೂರು ವಾರ ಆಗಿತ್ತಷ್ಟೆ. ಅವನು ತೀರ್ಮಾನ ಮಾಡಿಬಿಟ್ಟಿದ್ದ: "ಇದು ನನ್ನಂಥವರಿಗಲ್ಲ." ಲ್ಯಾಬಿನಲ್ಲಿ ಪಕ್ಕದವರ ಸ್ಕ್ರೀನಿನಲ್ಲಿ ಔಟ್‌ಪುಟ್ ಬಂದಿರುತ್ತಿತ್ತು, ಇವನದರಲ್ಲಿ ಕೆಂಪು ಸಾಲುಗಳು. ವೈವಾದಲ್ಲಿ ಉತ್ತರ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಪ್ರಶ್ನೆ ಮುಂದಿನವರಿಗೆ ಹೋಗಿರುತ್ತಿತ್ತು. ಕೊನೆಗೆ ಡೌಟ್ ಕೇಳುವುದನ್ನೇ ನಿಲ್ಲಿಸಿದ. ಮನೆಗೆ ಹೋಗಿ ತೋಟ ನೋಡಿಕೊಳ್ಳುತ್ತೇನೆ ಅನ್ನುವ ಮಾತೂ ಬಂತು. ತೋಟ ನೋಡಿಕೊಳ್ಳುವುದು ಸಣ್ಣ ಕೆಲಸ ಅಲ್ಲ, ಅದನ್ನು ಇಷ್ಟಪಟ್ಟು ಆರಿಸಿಕೊಂಡರೆ ಒಳ್ಳೆಯದೇ. ಆದರೆ ಇವನು ಹೊರಟದ್ದು ತೋಟದ ಆಸೆಗಲ್ಲ, ತನ್ನ ಮೇಲೆ ತಾನೇ ಕೊಟ್ಟ ತೀರ್ಪಿನ ಭಯಕ್ಕೆ.

ಆಗ ಸಂಘದ ರೂಮಿನಲ್ಲಿ ಯಾರೋ ಸುಮ್ನೆ ಕೇಳಿದರು: "ನಿಂಗೆ ತ್ರಿವುಡೆ ತಾಳದ ಹೆಜ್ಜೆ ಸರಿಯಾಗಿ ಕೂರಲಿಕ್ಕೆ ಎಷ್ಟು ದಿನ ಬೇಕಾಯ್ತು?"

"ದಿನವಾ? ಒಂದು ಮಳೆಗಾಲ ಪೂರ್ತಿ."

"ಆ ಮಳೆಗಾಲದಲ್ಲಿ ಒಂದು ಸಲವಾದರೂ ಯಕ್ಷಗಾನ ನನ್ನಂಥವರಿಗಲ್ಲ ಅನ್ನಿಸಿತ್ತಾ?"

ಅವನು ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಅಂದ. ಹೆಜ್ಜೆ ಬರುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಕಲಿಯಲು ಹೋಗುತ್ತಿದ್ದದ್ದು ಅಂದ.

ಗಮನಿಸಿ. ಮನುಷ್ಯ ಅವನೇ, ತಲೆ ಅದೇ, ತಾಳ್ಮೆಯೂ ಅದೇ. ಒಂದು ಕಡೆ ಇಡೀ ಮಳೆಗಾಲ ತಪ್ಪು ಹೆಜ್ಜೆ ಹಾಕಿಯೂ ಅವನಿಗೆ ತನ್ನ ಮೇಲೆ ಸಂಶಯ ಬರಲಿಲ್ಲ. ಇನ್ನೊಂದು ಕಡೆ ಮೂರೇ ವಾರದಲ್ಲಿ ಸೋತೆ ಅಂದುಕೊಂಡ. ಹಾಗಾದರೆ ವ್ಯತ್ಯಾಸ ಅವನ ಸ್ವಭಾವದಲ್ಲಿ ಇರಲಿಲ್ಲ. ಅವನು ಕಲಿಯುತ್ತಿದ್ದ ಜಾಗದಲ್ಲಿ ಇತ್ತು. ಯಕ್ಷಗಾನ ಹೊಸಬನಿಗೆ ಏನು ಕೊಟ್ಟಿತ್ತು, ಲ್ಯಾಬು ಏನು ಕೊಡಲಿಲ್ಲ ಎಂದು ನಾವು ಹುಡುಕತೊಡಗಿದೆವು.

ಕೋಡಂಗಿಗೂ ಒಂದು ರಂಗಸ್ಥಳ

ರಾತ್ರಿಯಿಡೀ ನಡೆಯುವ ಹಳೆಯ ಕ್ರಮದ ಆಟ ನೋಡಿದವರಿಗೆ ಗೊತ್ತು, ಪ್ರಸಂಗ ಒಮ್ಮೆಲೇ ಶುರುವಾಗುವುದಿಲ್ಲ. ಸಂಜೆ ಚೆಂಡೆ ಮದ್ದಳೆಯ ಕೇಳಿ ಬಡಿಯುತ್ತಾರೆ, ಅದು ಊರಿಗೆ ಆಟದ ಕರೆ. ಚೌಕಿಯಲ್ಲಿ ದೇವರ ಪೂಜೆ ಆಗುತ್ತದೆ. ಆಮೇಲೆ ಪೂರ್ವರಂಗ. ಅಲ್ಲಿ ಮೊದಲು ರಂಗಸ್ಥಳಕ್ಕೆ ಬರುವವರು ಕೋಡಂಗಿಗಳು. ಸರಳವಾದ ವೇಷ, ಸಣ್ಣ ಹುಡುಗರು, ಈಗಷ್ಟೇ ಗೆಜ್ಜೆ ಕಟ್ಟಿದವರು. ಅವರ ನಂತರ ಬಾಲಗೋಪಾಲರು. ಆಮೇಲೆ ಸ್ತ್ರೀವೇಷ. ತೆಂಕುತಿಟ್ಟಿನಲ್ಲಿ ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರನಂಥ ವೇಷಗಳೂ ಪೂರ್ವರಂಗದಲ್ಲಿ ಬರುವುದುಂಟು. ಇದೆಲ್ಲ ಮುಗಿದ ಮೇಲೆ ಪ್ರಸಂಗ.

ಮೇಳಕ್ಕೆ ಸೇರಿದ ಹುಡುಗ ಏರುವ ಮೆಟ್ಟಿಲೂ ಇದೇ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಪ್ರಸಂಗದಲ್ಲಿ ಸಣ್ಣಪುಟ್ಟ ವೇಷ, ಆಮೇಲೆ ಪುಂಡುವೇಷ, ಕಿರೀಟವೇಷ, ಬಣ್ಣದ ವೇಷ. ಎಲ್ಲರೂ ಎಲ್ಲ ಮೆಟ್ಟಿಲು ಹತ್ತುವುದಿಲ್ಲ. ಆದರೆ ಮೊದಲ ಮೆಟ್ಟಿಲು ಎಲ್ಲರಿಗೂ ಉಂಟು.

ದಿನದ ಮಾತಿನಲ್ಲಿ ಕೋಡಂಗಿ ಅಂದರೆ ಪೆದ್ದ. "ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ" ಅನ್ನುತ್ತೇವಲ್ಲ. ಆದರೆ ರಂಗಸ್ಥಳದ ಕೋಡಂಗಿಯ ಸ್ಥಿತಿಯನ್ನು ಕಲಿಯುವವನ ಕಣ್ಣಿನಿಂದ ನೋಡಿ. ಅವನಿಗೆ ನಿಜವಾದ ಚೆಂಡೆ, ನಿಜವಾದ ಮದ್ದಳೆ, ನಿಜವಾದ ಭಾಗವತರು. ದೀಪ, ರಂಗಸ್ಥಳ, ಮುಂದೆ ಜನ, ಎಲ್ಲವೂ ನಿಜ. ಆದರೆ ಜನ ಇನ್ನೂ ಬರುತ್ತಾ ಇದ್ದಾರೆ. ಕೆಲವರು ಚಾಪೆ ಹಾಸುತ್ತಿದ್ದಾರೆ, ಕೆಲವರು ಚುರುಮುರಿ ಅಂಗಡಿ ಮುಂದೆ ನಿಂತಿದ್ದಾರೆ. ಹೆಜ್ಜೆ ತಪ್ಪಿದರೆ ಪ್ರಸಂಗ ಹಾಳಾಗುವುದಿಲ್ಲ. ಅವನ ವೇಷವೇ ನಗಿಸುವ ವೇಷ, ಹಾಗಾಗಿ ಎಡವಿದರೂ ಅದು ಆಟದೊಳಗೇ ಸೇರಿಹೋಗುತ್ತದೆ. ನಾಳೆ ರಾತ್ರಿ ಇನ್ನೊಂದು ಊರಿನಲ್ಲಿ ಮತ್ತೆ ಇದೇ ಅವಕಾಶ. ಒಂದು ತಿರುಗಾಟ ಮುಗಿದು ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚುವಷ್ಟರಲ್ಲಿ ಆ ಹುಡುಗ ಎಷ್ಟು ರಾತ್ರಿ ಕುಣಿದಿರುತ್ತಾನೆ, ಲೆಕ್ಕ ಹಾಕಿ.

ಇದನ್ನು ಕಟ್ಟಿದವರು ಮನಃಶಾಸ್ತ್ರ ಓದಿದವರಲ್ಲ. ಆದರೂ ಒಂದು ಮಾತು ಅವರಿಗೆ ತಿಳಿದಿತ್ತು. ಹೊಸಬನಿಗೆ "ಹೆದರಬೇಡ" ಅಂತ ಹೇಳಿ ಪ್ರಯೋಜನ ಇಲ್ಲ. ತಪ್ಪಿದರೆ ದೊಡ್ಡ ನಷ್ಟ ಆಗದಂಥ ಜಾಗ ಒಂದನ್ನು ಅವನಿಗೆ ಕೊಡಬೇಕು. ಆ ಜಾಗ ಇದ್ದರೆ ತನ್ನ ಮೇಲೆ ತೀರ್ಪು ಕೊಟ್ಟುಕೊಳ್ಳುವ ಅಗತ್ಯವೇ ಅವನಿಗೆ ಬರುವುದಿಲ್ಲ. ಕೋಡಂಗಿ ಕೆಟ್ಟ ಅರ್ಜುನ ಅಲ್ಲ, ಅವನು ಕೋಡಂಗಿ. ಅವನನ್ನು ಯಾರೂ ಅರ್ಜುನನ ಜೊತೆ ಹೋಲಿಸುವುದಿಲ್ಲ, ಅವನೂ ಹೋಲಿಸಿಕೊಳ್ಳುವುದಿಲ್ಲ.

ಈಗ ನಮ್ಮ ಮೊದಲ ಸೆಮಿಸ್ಟರ್ ನೋಡಿ. ಮೊದಲ ದಿನದ ಪ್ರೋಗ್ರಾಮಿಗೇ ರೆಕಾರ್ಡಿನಲ್ಲಿ ಅಂಕ. ಮೊದಲ ವೈವಾಕ್ಕೇ ಅಂಕ. ಶಾಲೆಯಲ್ಲಿ ಕಂಪ್ಯೂಟರ್ ಕಲಿತು ಬಂದವರೂ ಕೀಬೋರ್ಡ್ ಮುಟ್ಟದೆ ಬಂದವರೂ ಒಂದೇ ಬೆಂಚಿನಲ್ಲಿ, ಒಂದೇ ಪಟ್ಟಿಯಲ್ಲಿ. ನೇರವಾಗಿ ಅರ್ಜುನನ ವೇಷ ಕಟ್ಟಿ ಪ್ರಸಂಗದ ಮಧ್ಯಕ್ಕೆ ದೂಡಿದ ಹಾಗೆ. ಆಗ ಹುಡುಗ ತನ್ನನ್ನೇ ಬೈದುಕೊಂಡರೆ ಆಶ್ಚರ್ಯ ಏನಿದೆ?

ಗುರು ತಿದ್ದುವ ಬಗೆ

ನಮ್ಮಲ್ಲಿ ಐದಾರು ಜನ ಈಗ ವಾರಕ್ಕೊಮ್ಮೆ ಮುಂಡಾಜೆಯ ಕಡೆ ಹೋಗಿ ಹೆಜ್ಜೆ ಕಲಿಯುತ್ತಿದ್ದೇವೆ. ಪಕ್ಕದ ಧರ್ಮಸ್ಥಳದ ಯಕ್ಷಗಾನ ಲಲಿತಕಲಾ ಕೇಂದ್ರದಲ್ಲಿ ಕುರಿಯ ವಿಠಲ ಶಾಸ್ತ್ರಿ, ಪಡ್ರೆ ಚಂದು ಅವರಂಥ ಗುರುಗಳು ಕಲಿಸಿದ ಪರಂಪರೆ ಈ ಸೀಮೆಯದು. ನಮ್ಮ ತರಗತಿ ಅಷ್ಟು ದೊಡ್ಡದಲ್ಲ, ಒಂದು ಜಗಲಿಯಷ್ಟು. ಅಲ್ಲಿ ಗುರುಗಳು ತಿದ್ದುವ ಕ್ರಮವನ್ನು ನಾವು ಗಮನಿಸಿ ಬರೆದುಕೊಂಡೆವು.

ಮೊದಲು ಕಾಲು ಎತ್ತಲಿಕ್ಕಿಲ್ಲ. ಬಾಯಿತಾಳ. ಏಕತಾಳಕ್ಕೆ ನಾಲ್ಕು ಅಕ್ಷರ, ರೂಪಕಕ್ಕೆ ಆರು, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಕೈಯಲ್ಲಿ ತಟ್ಟಿ ಬಾಯಲ್ಲಿ ಹೇಳಬೇಕು. ಅದು ಕೂತ ಮೇಲೆ ಕಾಲು, ಅದೂ ನಿಧಾನ ಕಾಲದಲ್ಲಿ. ಕೈಯ ಮುದ್ರೆ, ಮುಖದ ಭಾವ, ದಿಗಿಣ ಎಲ್ಲ ಬಹಳ ಆಮೇಲೆ.

ಕಾಲು ಎತ್ತಿದ ಮೇಲೆ ತಪ್ಪುವುದು ಖಂಡಿತ. ಆಗ ಗುರುಗಳು ಹೇಳುವುದು ಹೀಗಿರುತ್ತದೆ: "ಮೂರನೇ ಅಕ್ಷರಕ್ಕೆ ಬಲಗಾಲು ಬೇಗ ಬಿತ್ತು. ಪುನಃ." ಅಷ್ಟೇ. ಯಾವ ಅಕ್ಷರ, ಯಾವ ಕಾಲು, ಬೇಗವೋ ತಡವೋ. ಆಮೇಲೆ "ಪುನಃ" ಎಂಬ ಒಂದು ಶಬ್ದ. "ನಿನಗೆ ತಾಳಜ್ಞಾನ ಇಲ್ಲ" ಎಂಬ ಮಾತು ನಾವು ಅಲ್ಲಿ ಕೇಳಿಲ್ಲ. ಮೆಚ್ಚುಗೆಯೂ ಹೆಚ್ಚೇನಿಲ್ಲ. ಸರಿಯಾದರೆ "ಹೂಂ, ಮುಂದೆ" ಅನ್ನುತ್ತಾರೆ.

ಈ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. "ಮೂರನೇ ಅಕ್ಷರಕ್ಕೆ ಬಲಗಾಲು ಬೇಗ ಬಿತ್ತು" ಎಂದರೆ ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಗುತ್ತದೆ. "ನನಗೆ ತಾಳಜ್ಞಾನ ಇಲ್ಲ" ಎಂದರೆ ಏನು ಮಾಡಬೇಕು? ಮನೆಗೆ ಹೋಗಬೇಕು, ಅಷ್ಟೇ. ಮೊದಲನೆಯದರಲ್ಲಿ ವಿಷಯ ಇದೆ, ಎರಡನೆಯದರಲ್ಲಿ ತೀರ್ಪು ಮಾತ್ರ ಇದೆ. ನಾವು ಕಂಪೈಲರನ್ನು ಬೈಯುತ್ತೇವಲ್ಲ, ಅದು ಈ ವಿಷಯದಲ್ಲಿ ಒಳ್ಳೆಯ ಗುರುವಿನ ಹಾಗೆ. ಹದಿನೇಳನೇ ಸಾಲಿನ ಹತ್ತಿರ ಸೆಮಿಕೋಲನ್ ಬಿಟ್ಟುಹೋಗಿದೆ ಅನ್ನುತ್ತದೆ. ನೀನು ದಡ್ಡ ಅಂತ ಅದು ಯಾವತ್ತೂ ಹೇಳಿಲ್ಲ. ಆ ಸಾಲನ್ನು ಸೇರಿಸಿಕೊಳ್ಳುವವರು ನಾವೇ.

ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಇದೇ ಪಾಠ

ಮೂರನೇ ವರ್ಷದವರಿಗೆ ಇದು ಬೇಗ ಹಿಡಿಸುತ್ತದೆ. ಫೀಡ್‌ಬ್ಯಾಕ್ ವ್ಯವಸ್ಥೆಯಲ್ಲಿ ಎರರ್ ಸಿಗ್ನಲ್ ಅಂದರೆ ಏನು? ಬೇಕಾದದ್ದರಿಂದ ಆಗಿರುವುದನ್ನು ಕಳೆದರೆ ಉಳಿಯುವುದು. ಅದೊಂದು ಸಂಖ್ಯೆ, ಅದಕ್ಕೊಂದು ಚಿಹ್ನೆ. ಎರರ್ ಇಲ್ಲದಿದ್ದರೆ ಕಂಟ್ರೋಲರ್‌ಗೆ ಯಾವ ಕಡೆ ತಿರುಗಬೇಕು ಅಂತಲೇ ಗೊತ್ತಾಗುವುದಿಲ್ಲ. ಅಲ್ಲಿ ಎರರ್ ಅನ್ನುವುದು ಅವಮಾನ ಅಲ್ಲ, ಅದೇ ಇಂಧನ.

ಈಗ ಪಿಐಡಿ ಕಂಟ್ರೋಲರ್ ತೆಗೆದುಕೊಳ್ಳಿ. ಅದರ ಇಂಟಿಗ್ರಲ್ ಭಾಗ ಹಿಂದಿನ ಎರರ್‌ಗಳನ್ನೆಲ್ಲ ಕೂಡಿಸುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಅದು ಒಳ್ಳೆಯದೇ. ಆದರೆ ಮೋಟಾರು ಅದಾಗಲೇ ತನ್ನ ಗರಿಷ್ಠ ಮಿತಿಯಲ್ಲಿ ಓಡುತ್ತಿದೆ, ಅದಕ್ಕಿಂತ ಹೆಚ್ಚು ಕೊಡಲು ಅದಕ್ಕೆ ಆಗುವುದಿಲ್ಲ ಅಂದುಕೊಳ್ಳಿ. ಆಗಲೂ ಇಂಟಿಗ್ರೇಟರ್ ಸುಮ್ಮನಿರದೆ ಎರರ್ ಕೂಡಿಸುತ್ತಲೇ ಇರುತ್ತದೆ. ಇದಕ್ಕೆ ಇಂಟಿಗ್ರಲ್ ವೈಂಡಪ್ ಅನ್ನುತ್ತಾರೆ. ಆಮೇಲೆ ಗುರಿ ತಲುಪಿದರೂ ಆ ಹಳೆಯ ಮೊತ್ತ ಕರಗುವವರೆಗೆ ವ್ಯವಸ್ಥೆ ಗುರಿ ದಾಟಿ ಓಡುತ್ತದೆ, ಆಚೀಚೆ ತೂಗುತ್ತದೆ.

ಹೊಸದಾಗಿ ಕಲಿಯುವವನ ಕಾಲು, ನಾಲಿಗೆ, ಬೆರಳು ಮಿತಿಯಲ್ಲೇ ಓಡುತ್ತಿರುತ್ತವೆ. ಇವತ್ತಿಗೆ ಅವು ಕೊಡಬಹುದಾದದ್ದು ಅಷ್ಟೇ. ಆದರೆ ಮನಸ್ಸು ಮಾತ್ರ ಸೋಮವಾರದ ತಪ್ಪು, ಮಂಗಳವಾರದ ತಪ್ಪು, ಪಿಯುಸಿಯ ತಪ್ಪು ಎಲ್ಲ ಕೂಡಿಸುತ್ತಾ ಇರುತ್ತದೆ. ಮುಂದೆ ನಿಜವಾಗಿ ಉತ್ತರ ಬರುವ ದಿನ ಬಂದರೂ ಆ ಮೊತ್ತ ಬಾಯಿ ಕಟ್ಟುತ್ತದೆ. ಇಂಜಿನಿಯರುಗಳು ಇದಕ್ಕೆ ಮಾಡುವ ಪರಿಹಾರ ಸರಳ. ಮಿತಿಯಲ್ಲಿ ಇರುವಷ್ಟು ಹೊತ್ತು ಕೂಡಿಸುವುದನ್ನು ನಿಲ್ಲಿಸುತ್ತಾರೆ. ಎರರ್ ನೋಡುವುದನ್ನು ನಿಲ್ಲಿಸುವುದಿಲ್ಲ ಎಂಬುದು ನೆನಪಿರಲಿ. "ಪುನಃ" ಎಂಬ ಗುರುಗಳ ಮಾತಿನ ಕೆಲಸ ಅದೇ. ಹಳೆಯ ಲೆಕ್ಕ ಸೊನ್ನೆ, ಈಗ ಈ ಹೆಜ್ಜೆ.

ಸಂಶೋಧಕರು ಕಂಡದ್ದು

ಇದು ಬರೀ ನಮ್ಮ ಊರಿನ ನಂಬಿಕೆಯಲ್ಲ. 2001ರಲ್ಲಿ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಗಣಿತದ ಭಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಲೆಕ್ಕ ಮಾಡುವಾಗ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ಮನಸ್ಸಿನ ಸಣ್ಣ ಜಾಗವೊಂದಿದೆ, ಕಂಪ್ಯೂಟರಿನ ರ್‍ಯಾಮ್ ಇದ್ದ ಹಾಗೆ. ಭಯ ಆ ಜಾಗವನ್ನೇ ತಿನ್ನುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ "ನಂಗೆ ಬರಲ್ಲ, ನಂಗೆ ಬರಲ್ಲ" ಎಂಬ ಪ್ರೋಗ್ರಾಮು ಹಿಂದೆ ಓಡುತ್ತಾ ಇದ್ದರೆ ಲೆಕ್ಕ ಮಾಡಲು ಉಳಿಯುವ ಜಾಗ ಕಡಿಮೆ. ಲೆಕ್ಕ ತಪ್ಪುತ್ತದೆ. ತಪ್ಪಿದ್ದನ್ನೇ ಸಾಕ್ಷಿ ಮಾಡಿಕೊಂಡು ಇನ್ನೂ ಜೋರಾಗಿ "ನಂಗೆ ಬರಲ್ಲ" ಅನ್ನುತ್ತೇವೆ.

"ನನ್ನನ್ನು ನಾನು ಬೈದುಕೊಂಡರೇ ನಾನು ಓದೋದು" ಅನ್ನುವವರೂ ನಮ್ಮಲ್ಲಿದ್ದಾರೆ. ಅವರಿಗೆ ಇನ್ನೊಂದು ಅಧ್ಯಯನ ಉಂಟು. 2012ರಲ್ಲಿ ಜುಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಪ್ರಕಟಿಸಿದ್ದು. ಒಂದು ಪ್ರಯೋಗದಲ್ಲಿ ಕಷ್ಟದ ಶಬ್ದಗಳ ಪರೀಕ್ಷೆ ಬರೆದು ಸೋತ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಕೆಲವರಿಗೆ, ಇದು ಎಲ್ಲರಿಗೂ ಕಷ್ಟವೇ, ನಿಮ್ಮ ಮೇಲೆ ಕಠಿಣವಾಗಬೇಡಿ ಎಂಬರ್ಥದ ಮಾತು ಹೇಳಲಾಯಿತು. ಮುಂದಿನ ಪರೀಕ್ಷೆಗೆ ಮೊದಲು ಓದಲು ಬೇಕಾದಷ್ಟು ಸಮಯ ಕೊಟ್ಟಾಗ ಹೆಚ್ಚು ಹೊತ್ತು ಕೂತು ಓದಿದವರು ಇವರೇ. ತನ್ನನ್ನು ತಾನು ಮನ್ನಿಸಿಕೊಂಡವನು ಸೋಮಾರಿ ಆಗಲಿಲ್ಲ. ಪುಸ್ತಕದ ಮುಂದೆ ಕೂರಲು ಅವನಿಗೆ ಭಯ ಇರಲಿಲ್ಲ, ಹಾಗಾಗಿ ಕೂತ.

ತಿಮೊಥಿ ಗಾಲ್ವೇ ಎಂಬ ಟೆನಿಸ್ ಕೋಚ್ 1974ರಲ್ಲಿ ಬರೆದ ಪುಸ್ತಕದಲ್ಲೂ ಇದೇ ವಿಚಾರ. ನಮ್ಮೊಳಗೆ ಆಡುವವನೊಬ್ಬ, ಆಡುವವನಿಗೆ ಬೈಯುವವನೊಬ್ಬ. ಬೈಯುವವನು ಸುಮ್ಮನಾಗಿ ಚೆಂಡು ಎಲ್ಲಿ ಬಿತ್ತು ಅಂತ ಮಾತ್ರ ನೋಡಿದರೆ ಆಡುವವನು ತಾನಾಗಿ ಕಲಿಯುತ್ತಾನೆ ಎಂಬುದು ಅವರ ವಾದ. ನಮ್ಮ ಹಿರಿಯರು ಹಾಡ್ತಾ ಹಾಡ್ತಾ ರಾಗ ಅಂದದ್ದನ್ನೇ ಅವರು ಟೆನಿಸ್ ಕೋರ್ಟಿನಲ್ಲಿ ಕಂಡರು ಅನ್ನಬಹುದು.

ತಲೆ ನರೆತವರೂ ಕಲಿಯುತ್ತಿದ್ದಾರೆ

ಇದು ಹುಡುಗರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಮುಂಡಾಜೆ, ಬೆಳ್ತಂಗಡಿ, ಬಂಟ್ವಾಳ ಎಲ್ಲ ಕಡೆ ಅಡಿಕೆ ಮರ ಏರುವವರು ಕಡಿಮೆಯಾಗಿದ್ದಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟರೆ ಎಳೆ ಕಾಯಿ ಉದುರುತ್ತದೆ. ಮಳೆ ಬಿಡುವು ಕೊಡುವುದು ಕೆಲವೇ ದಿನ, ಆ ದಿನಕ್ಕೆ ಜನ ಸಿಗುವುದಿಲ್ಲ. ಹೀಗಾಗಿ ನೆಲದಲ್ಲೇ ನಿಂತು ಕೊಯ್ಯುವ, ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ತೋಟಗಳಿಗೆ ಬಂದಿವೆ. ಐವತ್ತು ದಾಟಿದ ಕೃಷಿಕರು ತಮ್ಮದೇ ತೋಟದಲ್ಲಿ ಅದನ್ನು ಹಿಡಿದು ಕಲಿಯುತ್ತಿದ್ದಾರೆ.

ಅದೇನು ಸುಲಭ ಅಲ್ಲ. ಮೇಲಕ್ಕೆ ಹೋದಷ್ಟೂ ದೋಟಿಯ ತುದಿ ತೂಗುತ್ತದೆ, ಕುತ್ತಿಗೆ ನೋಯುತ್ತದೆ, ಗೊನೆ ಒಂದು ಕಡೆ ಇದ್ದರೆ ಕತ್ತಿ ಇನ್ನೊಂದು ಕಡೆ ಹೋಗುತ್ತದೆ. ಜೀವಮಾನವೆಲ್ಲ ತೋಟ ಮಾಡಿದವರಿಗೆ ಆಳುಗಳ ಎದುರು ಹೀಗೆ ತಡಬಡಾಯಿಸುವುದು ಮುಜುಗರವೇ. ಕಲಿತವರು ಹೇಳುವ ಉಪಾಯ ಇಷ್ಟೆ: ಕೈ ನೋಡಬೇಡಿ, ಯಾರು ನೋಡುತ್ತಿದ್ದಾರೆ ಅಂತಲೂ ನೋಡಬೇಡಿ, ತುದಿ ನೋಡಿ. ಮೊದಲು ಗಿಡ್ಡ ಮರದಲ್ಲಿ ಅಭ್ಯಾಸ ಮಾಡಿ. ಆ ಗಿಡ್ಡ ಮರವೇ ಅವರ ಕೋಡಂಗಿ ವೇಷ.

ಪಕ್ಕದ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರ ನೆನಪೂ ಇಲ್ಲಿ ಬರುತ್ತದೆ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು ಅವರು. ಆಮೇಲೆ ಸಿನಿಮಾ ತೆಗೆದರು, ಚಿತ್ರ ಬರೆದರು, ಯಕ್ಷಗಾನ ಅಧ್ಯಯನ ಮಾಡಿದರು, ಕುಣಿದರು, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವೆಲ್ಲದರಲ್ಲೂ ಅವರು ಒಂದು ದಿನ ಹೊಸಬರಾಗಿಯೇ ಶುರು ಮಾಡಿರಬೇಕಲ್ಲ. ಆತ್ಮಕತೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ತನ್ನನ್ನು ನೋಡಿ ಸ್ವಲ್ಪ ನಗಲು ಬಂದವನಿಗೆ ಹೊಸದನ್ನು ಮುಟ್ಟಲು ಹೆದರಿಕೆ ಕಡಿಮೆ.

ತೀರ್ಪು ಬಿಡುವುದು, ಅಳತೆ ಬಿಡುವುದಲ್ಲ

ಇಲ್ಲೊಂದು ಎಚ್ಚರ ಬೇಕು. "ಎಲ್ಲ ಸರಿಯೇ, ಹೇಗೆ ಮಾಡಿದರೂ ನಡೆಯುತ್ತದೆ" ಎಂದು ನಾವು ಹೇಳುತ್ತಿಲ್ಲ. ನಾವು ನಾಳೆ ಸೇತುವೆ ಕಟ್ಟುವವರು, ವಿದ್ಯುತ್ ಲೈನ್ ಎಳೆಯುವವರು. ಅಲ್ಲಿ ತಪ್ಪು ತಪ್ಪೇ.

ಬೋರ್ಡೋ ದ್ರಾವಣವನ್ನೇ ನೋಡಿ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹದ ಸರಿಯಾಗಿದೆಯಾ ಎಂದು ನೋಡಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ತಾಮ್ರದ ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆಗ ಕೃಷಿಕ ಏನು ಮಾಡುತ್ತಾನೆ? "ಇದು ಪ್ರಯೋಜನ ಇಲ್ಲದ ದ್ರಾವಣ" ಎಂದು ಚೆಲ್ಲುವುದಿಲ್ಲ. ಪರೀಕ್ಷೆ ಮಾಡದೆ ಹೊಡೆಯುವುದೂ ಇಲ್ಲ, ಹೊಡೆದರೆ ಎಳೆ ಕಾಯಿ ಸುಡಬಹುದು. ಸ್ವಲ್ಪ ಸುಣ್ಣದ ತಿಳಿ ಸೇರಿಸುತ್ತಾನೆ, ಮತ್ತೆ ಕತ್ತಿ ಅದ್ದುತ್ತಾನೆ. ಅಳತೆ ಅಂದರೆ ಇದು. ನಮ್ಮ ಕಲಿಕೆಗೂ ಇಂಥ ಕತ್ತಿ ಬೇಕು, ದ್ರಾವಣವನ್ನು ಬೈಯುವ ಬಾಯಿ ಬೇಡ.

ಮಾಡಿ ನೋಡಿ

ಓದಿ ಬಿಡುವುದಕ್ಕಿಂತ ಒಂದು ವಾರ ಮಾಡಿ ನೋಡುವುದು ಮೇಲು. ಕೋಡಿಂಗ್ ಆಗಲಿ, ವೀಣೆ ಆಗಲಿ, ಈಜು ಆಗಲಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

1. ತೀರ್ಪನ್ನು ಸಾಲಿನ ನಂಬರಿಗೆ ಬದಲಿಸಿ. "ನಂಗೆ ಬರಲ್ಲ" ಎಂದು ಮನಸ್ಸು ಹೇಳಿದ ಕೂಡಲೇ, "ಎಲ್ಲಿ? ಎಷ್ಟನೇ ಅಕ್ಷರಕ್ಕೆ?" ಎಂದು ಕೇಳಿ. ಉತ್ತರವನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಆ ವಾಕ್ಯದಲ್ಲಿ "ನಾನು" ಎಂಬ ಶಬ್ದ ಇರಬಾರದು. "ಲೂಪ್ ಒಂದು ಸಲ ಹೆಚ್ಚು ತಿರುಗುತ್ತಿದೆ" ಎಂಬ ಹಾಗೆ.

2. ಕೋಡಂಗಿ ಹೊತ್ತು ಇಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ. ಆಗ ಮಾಡಿದ್ದನ್ನು ಯಾರಿಗೂ ತೋರಿಸಲಿಕ್ಕಿಲ್ಲ, ಅಂಕ ಇಲ್ಲ. ಆದರೆ ಕೆಲಸ ನಿಜವಾದದ್ದೇ ಆಗಿರಬೇಕು, ನಿಜವಾದ ಕಂಪೈಲರ್, ನಿಜವಾದ ವಾದ್ಯ.

3. ಬಾಯಿತಾಳ ಮೊದಲು. ಇಡೀ ಪ್ರೋಗ್ರಾಮನ್ನು ಒಮ್ಮೆಗೇ ಬರೆಯಬೇಡಿ. ಮೊದಲು ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಅದು ಬಂದರೆ ಅರ್ಧ ಬಂದ ಹಾಗೆ. ಇಂಗ್ಲಿಷ್ ವೈವಾಕ್ಕೂ ಇದೇ ದಾರಿ. ವಿಷಯ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಎರಡೇ ಎರಡು ಇಂಗ್ಲಿಷ್ ವಾಕ್ಯ ಕಟ್ಟಿ.

4. "ಪುನಃ" ಎಂದು ಗಟ್ಟಿಯಾಗಿ ಹೇಳಿ. ತಪ್ಪಾದ ಮೇಲೆ ಮನಸ್ಸು ಮಾತಾಡಲು ಶುರು ಮಾಡುವ ಮೊದಲೇ ಹೇಳಿಬಿಡಿ.

5. ತೀರ್ಪಿಗೆ ತಾರೀಕು ಕೊಡಿ. "ಇದು ನನಗೆ ಆಗುತ್ತದಾ ಇಲ್ಲವಾ" ಎಂಬ ಪ್ರಶ್ನೆ ತಪ್ಪಲ್ಲ, ಮೂರನೇ ವಾರದಲ್ಲಿ ಕೇಳುವುದು ತಪ್ಪು. ಒಂದು ಸೆಮಿಸ್ಟರ್ ಮುಗಿದ ಮೇಲಿನ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದಕ್ಕಿಂತ ಮೊದಲು ಆ ಪ್ರಶ್ನೆ ಬಂದರೆ, "ನಿನ್ನ ತಾರೀಕು ಇವತ್ತಲ್ಲ" ಎಂದು ಕಳಿಸಿ.

ಸೀನಿಯರುಗಳಿಗೆ ಒಂದು ಮಾತು

ಈಗ ಆಟಗಳು ಹೆಚ್ಚಾಗಿ ಕಾಲಮಿತಿಯವು. ಮಧ್ಯರಾತ್ರಿಯೊಳಗೆ ಮುಗಿಯಬೇಕು. ಹೀಗಾಗಿ ಹಲವು ಕಡೆ ಪೂರ್ವರಂಗ ಮೊಟಕಾಗಿದೆ. ಅದಕ್ಕೆ ಕಾರಣಗಳಿವೆ, ಜನರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ನಿದ್ದೆಯೂ ಬೇಕು. ಆದರೆ ಸಮಯ ಸಾಲದಾಗ ಮೊದಲು ಕತ್ತರಿಸುವುದು ಹೊಸಬರ ಜಾಗವನ್ನೇ ಎಂಬುದನ್ನು ನಾವು ಗಮನಿಸಬೇಕು. ಕಾಲೇಜಿನಲ್ಲೂ ಹಾಗೆಯೇ. ಸಿಲಬಸ್ ಮುಗಿಯಬೇಕು, ಲ್ಯಾಬ್ ಬ್ಯಾಚ್ ಬದಲಾಗಬೇಕು. ಕೋಡಂಗಿಗೆ ಹೊತ್ತಿಲ್ಲ.

ಆ ಹೊತ್ತನ್ನು ನಾವೇ ಕೊಡಬಹುದು. ನಮ್ಮ ಸಂಘದ ರೂಮಿನಲ್ಲಿ ಬುಧವಾರ ಸಂಜೆ ಒಂದು ಗಂಟೆಯನ್ನು ಇದಕ್ಕೇ ಇಟ್ಟಿದ್ದೇವೆ. ಕನ್ನಡದಲ್ಲಿ ಡೌಟ್ ಕೇಳಬಹುದು, ತಪ್ಪು ಇಂಗ್ಲಿಷಿನಲ್ಲಿ ಉತ್ತರ ಹೇಳಿ ನೋಡಬಹುದು. ಕೇರಳದಿಂದ, ಉತ್ತರದ ರಾಜ್ಯಗಳಿಂದ ಬಂದ ಗೆಳೆಯರು ತಪ್ಪು ಕನ್ನಡ ಮಾತಾಡಬಹುದು. ನಿಯಮ ಒಂದೇ. ಯಾರಾದರೂ ತಪ್ಪಿದರೆ ಯಾವ ಅಕ್ಷರದಲ್ಲಿ ತಪ್ಪಿತು ಅಂತ ಹೇಳಬಹುದು, ಯಾರು ತಪ್ಪಿದರು ಅಂತ ಹೇಳುವ ಹಾಗಿಲ್ಲ. ಪ್ರತಿ ವಾರ ಒಬ್ಬ ಸೀನಿಯರ್ ತನಗೆ ಬರದ ಒಂದು ಕೆಲಸವನ್ನು ಎಲ್ಲರ ಎದುರು ಮೊದಲು ಮಾಡಬೇಕು. ಸೀನಿಯರ್ ತಡಬಡಾಯಿಸಿದ್ದನ್ನು ನೋಡಿದ ಮೇಲೆ ಜೂನಿಯರ್ ಬಾಯಿ ಬಿಡುತ್ತಾನೆ.

ಮುಂಡಾಜೆಯ ಗೆಳೆಯ ಈಗಲೂ ನಮ್ಮ ಜೊತೆಗಿದ್ದಾನೆ. ಪಾಯಿಂಟರ್ ಅವನಿಗೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಆದರೆ ಎಲ್ಲಿ ಬಂದಿಲ್ಲ ಅಂತ ಅವನು ಸಾಲಿನ ನಂಬರ್ ಸಮೇತ ಹೇಳಬಲ್ಲ. ಬುಧವಾರ ಸಂಜೆ ಹೊಸಬರು ಬಂದು ಬಾಗಿಲಲ್ಲಿ ನಿಂತರೆ ಒಳಗೆ ಕರೆಯುವವನು ಅವನೇ. ನಿಮಗೆ ಬರದ ಒಂದು ವಿಷಯ ಹಿಡಿದುಕೊಂಡು ಬನ್ನಿ. ಬಂದದ್ದನ್ನು ಮನೆಯಲ್ಲೇ ಬಿಟ್ಟು ಬಂದರೂ ಅಡ್ಡಿಯಿಲ್ಲ.